ಹುಲ್ಲಿನ ಅರಣ್ಯದಲ್ಲಿ ಬಂಡಿಯ ದಾರಿ

ಏಳನೆಯ ಇಯತ್ತೆಯ ಮಕ್ಕಳಿಗೆ ‘ಅಭಯಾರಣ್ಯ’ ಎಂಬ ಪದವನ್ನು ಬಿಡಿಸಿ ತೋರಿಸುವುದು ಕಷ್ಟದ ಕೆಲಸವಲ್ಲ. ಅಭಯ, ಅರಣ್ಯ ಎಂದು ಒಡೆದು, ಸವರ್ಣದೀರ್ಘ ಸಂಧಿಯೆಂದು ಹೇಳಿದರೆ ವ್ಯಾಕರಣದ ಪಾಠ ಮುಗಿಯುತ್ತದೆ. ಕಷ್ಟವಿರುವುದು ಅರ್ಥದ ಪಾಠದಲ್ಲಿ. ಅರಣ್ಯವೆಂದೊಡನೆ ನಮ್ಮ ಮಕ್ಕಳು ದಟ್ಟವಾದ ಮರಗಳನ್ನೂ ಹರಿಯುವ ಹೊಳೆಯನ್ನೂ ಹುಲಿಯನ್ನೂ ಚಿತ್ರಿಸುತ್ತಾರೆ. ಇವುಗಳಲ್ಲಿ ಒಂದೂ ಇಲ್ಲದ ಅಭಯಾರಣ್ಯವೊಂದು ಸೋಲಾಪುರದಿಂದ ಬಾರ್ಶಿಗೆ ಹೋಗುವ ದಾರಿಯಲ್ಲಿ, ಸುಮಾರು 20 ಕಿಲೋಮೀಟರ್ ದೂರದಲ್ಲಿಯೇ ಇದೆಯೆಂದರೆ ಅವರು ನಂಬುವುದಿಲ್ಲ. ದೊಡ್ಡವರು ನಂಬುವುದೂ ಅಷ್ಟಕ್ಕಷ್ಟೇ. ನಾನ್ನಜದ ಮಾಳವನ್ನು ಬಸ್ಸಿನ ಕಿಟಕಿಯಿಂದ ಕಂಡವರು ‘ಬರಿಯ ಬೀಳು’ ಎಂದು ಮುಖ ತಿರುಗಿಸುತ್ತಾರೆ. ಆ ಬೀಳಿನೊಳಗೆ ಹಳೆಯ ದಾರಿಗಳುಂಟು. ಕಳೆದ ದೀಪಾವಳಿಯ ರಜೆಯಲ್ಲಿ ಒಂದು ದಿನ ಅವುಗಳ ಮೇಲೆ ನಡೆದು ಕಂಡದ್ದನ್ನೂ ಕೇಳಿದ್ದನ್ನೂ ನಮ್ಮ ಶಿಕ್ಷಕ ಬಂಧುಗಳ ಮುಂದಿಡಬೇಕೆಂದು ಈ ಲೇಖನ.

ಮೊದಲು ಆ ನೆಲದ ಪರಿಚಯವಾಗಲಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು 550 ಮಿಲಿಮೀಟರ್ ಮಳೆ ಬೀಳುತ್ತದೆ. ಅದೂ ನಂಬಿಕೆಯ ಮಳೆಯಲ್ಲ. ತಗ್ಗಿನಲ್ಲಿ ಆಳವಾದ ಎರೆಮಣ್ಣು ಇದೆ. ಅಲ್ಲಿ ಹಿಂಗಾರಿಯ ಜೋಳ, ಕುಸುಬೆ ಬೆಳೆಯುತ್ತವೆ. ದಿಬ್ಬದ ಮೇಲೆ ಕರಿಗಲ್ಲಿನ ಬೆನ್ನಿಗೆ ಗೇಣುದ್ದ ಮುರುಮು ಮಾತ್ರ. ಅಲ್ಲಿ ಹುಲ್ಲು ಬೆಳೆಯುತ್ತದೆ. ಈ ದಿಬ್ಬದ ಹುಲ್ಲುಗಾವಲನ್ನೇ ಮರಾಠಿಯಲ್ಲಿ ‘ಮಾಳರಾನ’ ಎನ್ನುತ್ತಾರೆ. ಇದು ಜೈಸಲ್ಮೇರಿನಂಥ ಮರಳುಗಾಡಲ್ಲ. ಆದರೆ ಆ ಮರುಭೂಮಿಯೊಡನೆ ಇದಕ್ಕೆ ಒಂದು ನಂಟುಂಟು. ಅಲ್ಲಿಯ ಗೌರವದ ಹಕ್ಕಿಯೇ ಇಲ್ಲಿಯ ಹಕ್ಕಿಯೂ ಹೌದು. ರಾಜಸ್ಥಾನದವರು ಅದನ್ನು ಗೋಡಾವಣ ಎಂದು ಕರೆದು ತಮ್ಮ ರಾಜ್ಯಪಕ್ಷಿಯನ್ನಾಗಿ ಮಾಡಿಕೊಂಡಿದ್ದಾರೆ. ಮರಾಠಿಯಲ್ಲಿ ಅದು ಮಾಳಢೋಕ. ಕನ್ನಡದಲ್ಲಿ ಅದಕ್ಕೆ ಎರೆಬೂತ ಎಂಬ ಹೆಸರಿದೆ. ಎರೆಯ ಹೊಲದಲ್ಲಿ ಸದ್ದಿಲ್ಲದೆ ಎದ್ದು ನಿಲ್ಲುವ, ನೋಡುತ್ತಿದ್ದಂತೆಯೇ ಹುಲ್ಲಿನಲ್ಲಿ ಮರೆಯಾಗುವ ಹಕ್ಕಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ನಾನು ಕೇಳಿಲ್ಲ.

ಎರೆಬೂತವು ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಗಂಡು 15 ಕಿಲೋಗ್ರಾಮಿನವರೆಗೂ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲಿಯೇ ಕೆಲವು ಮಾತ್ರ. ಮಿಡತೆ, ಓತಿಕ್ಯಾತ, ಬೋರೆಹಣ್ಣು, ಹೊಲದ ಕಾಳು ಅದರ ಆಹಾರ. ಮಳೆಗಾಲದಲ್ಲಿ ಗಂಡು ಕೊರಳಿನ ಚೀಲವನ್ನು ಊದಿಸಿಕೊಂಡು ಹೆಣ್ಣನ್ನು ಕರೆಯುವ ಗಂಭೀರ ಧ್ವನಿ ಅರ್ಧ ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಹೆಣ್ಣು ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು, ಸುಮಾರು ನಾಲ್ಕು ವಾರ ತಾನೊಂದೇ ಕಾವು ಕೊಡುತ್ತದೆ. ರಾಷ್ಟ್ರಪಕ್ಷಿಯನ್ನು ಆರಿಸುವ ಸಂದರ್ಭದಲ್ಲಿ ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಈ ಹಕ್ಕಿಯ ಪರವಾಗಿ ವಾದಿಸಿದ್ದರು; 1963ರಲ್ಲಿ ಆ ಗೌರವ ನವಿಲಿಗೆ ಸಂದಿತು.

ಈ ಹಕ್ಕಿಗಾಗಿಯೇ 1979ರಲ್ಲಿ ಮಾಳಢೋಕ ಅಭಯಾರಣ್ಯವು ಘೋಷಿತವಾಯಿತು. ಸೋಲಾಪುರ ಮತ್ತು ಆಗಿನ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಗಳ 8,496 ಚದರ ಕಿಲೋಮೀಟರ್ ಪ್ರದೇಶವು ಅದರ ಗಡಿಯೊಳಗೆ ಬಂದಿತು. ಊರು, ಹೊಲ, ಪೇಟೆ, ಹೆದ್ದಾರಿ ಎಲ್ಲವೂ ಅದರಲ್ಲಿ ಸೇರಿದ್ದವು. ನಾವು ನಡೆದದ್ದು ಇಷ್ಟು ದೊಡ್ಡ ಭೂಪಟದಲ್ಲಿ ಸಾಸಿವೆಯಷ್ಟು ನೆಲದಲ್ಲಿ. ನಾನ್ನಜದ ಬಳಿ ಅರಣ್ಯ ಇಲಾಖೆಯು ಕಾದಿಟ್ಟಿರುವ ಹುಲ್ಲುಗಾವಲಿನ ತುಂಡುಗಳಲ್ಲಿ. ಅನುಮತಿಯನ್ನು ಮೊದಲೇ ಪಡೆದಿದ್ದೆವು. ನಾನು, ನಿವೃತ್ತಿಗೆ ಹತ್ತಿರವಾಗಿರುವ ನನ್ನ ಶಾಲೆಯ ಹಿರಿಯ ಗುರುಗಳು, ಜೊತೆಗೆ ದಾರಿ ತೋರಿಸಲು ಒಬ್ಬ ಅರಣ್ಯ ಕಾವಲುಗಾರರು, ಹೀಗೆ ಮೂವರಾಗಿ ಬೆಳಗಿನ ತಂಪಿನಲ್ಲಿಯೇ ಹೊರಟೆವು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಅದರ ಮುಳ್ಳುಗಳು ಪ್ಯಾಂಟಿನ ಅಂಚಿಗೂ ಕಾಲುಚೀಲಕ್ಕೂ ಚುಚ್ಚಿಕೊಂಡು, ಪ್ರತಿ ನೂರು ಹೆಜ್ಜೆಗೊಮ್ಮೆ ನಮ್ಮನ್ನು ಕೂರಿಸುತ್ತಿದ್ದವು.

ಮೊದಲು ಸಿಕ್ಕಿದ್ದು ಬಂಡಿಯ ದಾರಿ. ಮೇಲೆ ಮುರುಮು ಸವೆದುಹೋಗಿ ಕಲ್ಲು ಕಾಣುವ ಕಡೆ ಗಾಲಿಯ ಕಬ್ಬಿಣದ ಪಟ್ಟಿಗಳು ಎರಡು ಸಮಾನಾಂತರ ಗೆರೆಗಳನ್ನು ಕೊರೆದಿವೆ. ನಡುವೆ ಎತ್ತುಗಳು ನಡೆದ ಜಾಡು ಈಗ ಹುಲ್ಲಿನಿಂದ ಮುಚ್ಚಿದೆ. ಬಹುಕಾಲದಿಂದ ಬಂಡಿ ನಡೆದಿಲ್ಲ. ಆದರೂ ಗೆರೆ ಅಳಿದಿಲ್ಲ. ಕಾವಲುಗಾರರು ಒಂದು ಕಡೆ ಬಗ್ಗಿ, ಧೂಳಿನಲ್ಲಿ ಮೂಡಿದ್ದ ಹೆಜ್ಜೆಗಳನ್ನು ತೋರಿಸಿದರು. ನನಗೆ ಅವು ನಾಯಿಯ ಹೆಜ್ಜೆಗಳಂತೆ ಕಂಡವು. “ನಾಯಿ ಆ ಕಡೆ ಈ ಕಡೆ ಮೂಸುತ್ತ ಹೋಗುತ್ತದೆ, ಇದು ನೂಲು ಹಿಡಿದಂತೆ ನೇರವಾಗಿ ಹೋಗಿದೆ ನೋಡಿ, ತೋಳ” ಎಂದರು. ಮನುಷ್ಯರು ಬಿಟ್ಟ ದಾರಿಯನ್ನು ತೋಳಗಳು ಬಿಟ್ಟಿಲ್ಲ. ರಾತ್ರಿ ಹುಲ್ಲಿನ ಮುಳ್ಳುಗಳನ್ನು ತಪ್ಪಿಸಿ ನಡೆಯಲು ಅವಕ್ಕೂ ಬಂಡಿಯ ಜಾಡೇ ಅನುಕೂಲ. ಅದೇ ಧೂಳಿನಲ್ಲಿ ಚಿಗರಿಯ ಚೂಪಾದ ಜೋಡಿಗೊರಸುಗಳೂ ಗೌಜಲಹಕ್ಕಿಯ ಮೂರು ಬೆರಳಿನ ಗುರುತುಗಳೂ ಇದ್ದವು. ಅಕ್ಷರ ಕಲಿಸುವವನಿಗೆ ಅಲ್ಲಿ ಒಂದು ಹೊಸ ಲಿಪಿಯೇ ಎದುರಾದಂತಾಯಿತು.

ಆದರೆ ಈ ಬಂಡಿಯ ದಾರಿಗೆ ಮತ್ತೊಂದು ಚರಿತ್ರೆಯಿದೆ. ಎರೆಬೂತವು ಬಹಳ ಎಚ್ಚರದ ಹಕ್ಕಿ. ತಲೆಯೆತ್ತಿ ನಿಂತರೆ ಬಯಲಿನ ನಾಲ್ಕೂ ದಿಕ್ಕು ಅದರ ಕಣ್ಣಿಗೆ ಬೀಳುತ್ತದೆ. ನಡೆದು ಬರುವ ಮನುಷ್ಯನನ್ನು ಕಂಡರೆ ಬಹು ದೂರದಿಂದಲೇ ಸರಿದುಹೋಗುತ್ತದೆ. ಆದರೆ ಎತ್ತಿನ ಬಂಡಿಗೆ ಅದು ಅಷ್ಟು ಹೆದರುತ್ತಿರಲಿಲ್ಲ. ತಲೆಮಾರುಗಳಿಂದ ಹೊಲಕ್ಕೆ ಹೋಗಿ ಬರುವ ಬಂಡಿಯಿಂದ ಅದಕ್ಕೆ ಕೇಡಾಗಿರಲಿಲ್ಲ. ಬೇಟೆಗಾರರು ಈ ನಂಬಿಕೆಯನ್ನು ಅರಿತುಕೊಂಡರು. ಬಂಡಿಯಲ್ಲಿ ಅಡಗಿ ಕುಳಿತು, ಹಕ್ಕಿಯ ಸುತ್ತ ಬಂಡಿಯನ್ನು ಹೊಡೆಸಿ, ಬಂದೂಕಿನ ಅಳತೆಗೆ ಬಂದಾಗ ಗುಂಡು ಹಾರಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಅನಂತರ ಜೀಪುಗಳು ಬಂದವು. ಬಂಡಿಯ ದಾರಿಗಳಲ್ಲಿಯೇ ನುಗ್ಗಿ, ದಾರಿಯಿಲ್ಲದೆಡೆಯೂ ಓಡಿದವು. 1969ರಲ್ಲಿ ಇಡೀ ದೇಶದಲ್ಲಿ ಸುಮಾರು 1,260 ಹಕ್ಕಿಗಳಿದ್ದವೆಂದು ಅಂದಾಜಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ಆ ಬಡ ಹಕ್ಕಿ ತನ್ನ ನಂಬಿಕೆಗೆ ಭಾರಿಯಾದ ಬೆಲೆಯನ್ನೇ ತೆತ್ತಿತ್ತು.

ಬಂಡಿಯ ದಾರಿ ಮುಗಿದಲ್ಲಿ ಅಗಲವಾದ, ಒಡೆದ ಕಲ್ಲಿನ ದಾರಿಯೊಂದು ಅಡ್ಡ ಬಂದಿತು. ಅಲ್ಲಿಯೇ ಕಾದಿಟ್ಟ ಹುಲ್ಲುಗಾವಲಿನ ಗಡಿ. ಗಡಿಯ ಆಚೆಗೆ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ನಮ್ಮ ಕನ್ನಡ ಮಾತನ್ನು ಕೇಳಿ ಹತ್ತಿರ ಬಂದ. ದಕ್ಷಿಣ ಸೋಲಾಪುರದ ಕಡೆಯ ಕುರುಬರವನು; ಚಿಕ್ಕಂದಿನಿಂದ ಸೋದರಮಾವನ ಮನೆಯಲ್ಲಿ, ಇತ್ತ ಕಡೆಯೇ ಬೆಳೆದವನು. ಬೇವಿನ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ, ಅವನಿಗೂ ರೊಟ್ಟಿ ಕೊಟ್ಟೆವು. ದಾರಿಯನ್ನು ತೋರಿಸಿ ಅವನು ಹೇಳಿದ:

“ಈ ದಾರಿಗಿ ನಾನೂ ಕಲ್ಲ ಒಡದೇನ್ರಿ ಮಾಸ್ತರ. ಬಾಹತ್ತರದ ಬರಾ. ಆಗ ನನಗ ಹದಿನೆಂಟ ವರ್ಷ ಇರಬೇಕ. ಮನಿಮಂದಿ ಎಲ್ಲಾ ಬಿಸಿಲಾಗ ಕುಂತು ಕಲ್ಲ ಒಡದೀವಿ. ಸುಕಡಿ ಕೊಡತಿದ್ರು. ಅದನ್ನ ತಿಂದು ಜೀವಾ ಹಿಡದೀವಿ.”

1972ರ ಬರವನ್ನು ಮಹಾರಾಷ್ಟ್ರದ ಹಿರಿಯರು ವರ್ಷದ ಅಂಕಿಯಿಂದಲೇ ಕರೆಯುತ್ತಾರೆ. ಕನ್ನಡ ಮಾತನಾಡುವ ನಮ್ಮವರ ಬಾಯಲ್ಲಿಯೂ ಅದು ‘ಬಾಹತ್ತರ’ವೇ. ಆಗ ಲಕ್ಷಾಂತರ ಜನ ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದರು, ಒಡ್ಡು ಹಾಕಿದರು, ಕೆರೆ ಅಗೆದರು, ರಸ್ತೆ ಮಾಡಿದರು. ಸೊನ್ನಲಿಗೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮನು ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿದ ನಾಡು ಇದು. ಮೈಮುರಿದು ನೆಲವನ್ನು ಉಳಿಸಿಕೊಳ್ಳುವ ಕೆಲಸ ಇಲ್ಲಿಯವರಿಗೆ ಹೊಸದಲ್ಲ. ಬರದ ಬೆನ್ನಿಗೆ, ಬರಪೀಡಿತ ಪ್ರದೇಶಗಳ ಕಾರ್ಯಕ್ರಮದಲ್ಲಿ, ಮಾಳದ ಕೆಲವು ತುಂಡುಗಳನ್ನು ಮೇಯಿಸದೆ ಕಾದಿಟ್ಟರು. ಉದ್ದೇಶ ಮೇವು ಮತ್ತು ಮಣ್ಣಿನ ರಕ್ಷಣೆ. ಹುಲ್ಲು ಮರಳಿ ಬಂದಿತು. ಹುಲ್ಲಿನ ಹಿಂದೆ ಮಿಡತೆ, ಮಿಡತೆಯ ಹಿಂದೆ ಎರೆಬೂತ. ಹಸಿದ ಜನ ಹೊಟ್ಟೆಪಾಡಿಗೆ ಮಾಡಿದ ಕೆಲಸದಿಂದ ಹಕ್ಕಿಗೂ ಒಂದು ತುತ್ತು ನೆಲ ಉಳಿಯಿತು. ಈ ಮಾತನ್ನು ನಾನು ಅವನಿಗೆ ಹೇಳಿದಾಗ ಅವನು ನಕ್ಕ.

“ಹಕ್ಕಿ ಆಗ ಹತ್ತ ಹನ್ನೆರಡ ಕೂಡಿ ಮೇಯತಿದ್ದೂ. ಈಗ ಎಲ್ಲಿ ಅವ? ಆದ್ರ ನಮಗೂ ಅವು ಭಾಳ ಕಾಡಿದೂರಿ. ಮಗಳ ಲಗ್ನಕ್ಕ ಎರಡ ಎಕರೆ ಮಾರಬೇಕಂದ್ರ ಕಾಗದ ಆಗಲಿಲ್ಲ. ಹಕ್ಕಿ ಹೊಲಾ ಅಂದ್ರು. ಸಾಲಾ ಮಾಡಿ ಲಗ್ನಾ ಮಾಡಿದೆ.”

ಹಿರಿಯ ಗುರುಗಳು, “ಹಾಗಾದರೆ ಹಕ್ಕಿ ಹೋದದ್ದೇ ಒಳ್ಳೆಯದಾಯಿತೇನು, ಮುತ್ಯಾ?” ಎಂದು ಕೇಳಿದರು.

ಅವನು ಸ್ವಲ್ಪ ಹೊತ್ತು ಕುರಿಗಳ ಕಡೆ ನೋಡಿ, “ಹಕ್ಕೀದೇನ್ ತಪ್ಪರಿ ಗುರುಗಳ? ಅದಕ್ಕ ಕಾಗದ ಓದಾಕ ಬರತದೇನು?” ಎಂದ.

ಈ ಒಂದು ಮಾತಿನಲ್ಲಿ ನನಗೆ ಇಡೀ ಸಮಸ್ಯೆ ಕಂಡಿತು. 8,496 ಚದರ ಕಿಲೋಮೀಟರ್ ಎಂಬ ಅಂಕಿಯೊಳಗೆ ಸಾವಿರಾರು ರೈತರ ಹೊಲಮನೆಗಳು ಸಿಕ್ಕಿಕೊಂಡಿದ್ದವು. ಮಾರಾಟಕ್ಕೆ, ಕಟ್ಟಡಕ್ಕೆ, ಹೊಸ ಕೆಲಸಕ್ಕೆ ದಶಕಗಳ ಕಾಲ ಅಡೆತಡೆಗಳು ಬಂದವು. ಯಾವ ಹಕ್ಕಿಯನ್ನು ಹಿಂದಿನವರು ಹೊಲದ ಅತಿಥಿಯೆಂದು ಕಂಡಿದ್ದರೋ, ಆ ಹಕ್ಕಿ ಹೊಲದ ಮೇಲಿನ ಋಣಪತ್ರದಂತೆ ಕಾಣತೊಡಗಿತು. 2012ರ ಸುಮಾರಿಗೆ ಅಭಯಾರಣ್ಯವನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಜನರ ಕಷ್ಟ ಕಡಿಮೆಯಾಯಿತು. ಆದರೆ ಆ ನಡುವಿನ ವರ್ಷಗಳಲ್ಲಿ ನೆಲವೂ ಮೊದಲಿನಂತೆ ಉಳಿಯಲಿಲ್ಲ. ಕೊಳವೆಬಾವಿ ಬಂದಿತು, ಜೋಳ, ಕುಸುಬೆಗಳ ಜಾಗದಲ್ಲಿ ಕಬ್ಬು, ದ್ರಾಕ್ಷಿ ಬಂದವು. ಬೀಜವಿಲ್ಲದ ‘ಸೋನಾಕಾ’ ದ್ರಾಕ್ಷಿಯ ತಳಿ ನಾನ್ನಜದ ರೈತರೊಬ್ಬರ ತೋಟದಲ್ಲಿಯೇ ಹುಟ್ಟಿದ್ದು. ಅದು ಆ ಊರಿಗೆ ಕೀರ್ತಿ ತಂದಿತು, ಹಲವು ಮನೆಗಳಿಗೆ ಅನ್ನ ಕೊಟ್ಟಿತು. ಅದನ್ನು ತಪ್ಪೆಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಆದರೆ ತಂತಿಯ ಚಪ್ಪರದ ಕೆಳಗೆ ಎರೆಬೂತ ಮೇಯಲಾರದು. ಪಂಪಿಗೆ ಬಂದ ವಿದ್ಯುತ್ತಿನ ತಂತಿಗಳು ಅದಕ್ಕೆ ಇನ್ನೊಂದು ಆಪತ್ತು. ಅದರ ಕಣ್ಣುಗಳು ತಲೆಯ ಎರಡು ಬದಿಗೆ ಇರುವುದರಿಂದ ಎದುರಿನ ತಂತಿ ಹತ್ತಿರ ಬರುವ ತನಕ ಕಾಣದು. ಕಂಡಾಗ ಅಷ್ಟು ಭಾರದ ಮೈಯನ್ನು ತಟ್ಟನೆ ಹೊರಳಿಸಲು ಆಗದು. ರಾಜಸ್ಥಾನ, ಗುಜರಾತುಗಳ ಹಕ್ಕಿಗಳಿಗಾಗಿ ಈ ತಂತಿಗಳ ವಿಚಾರವು 2021ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಆದೇಶದ ತನಕ ಹೋಗಿತ್ತು.

ಊಟವಾದ ಮೇಲೆ ಮೂರನೆಯ ದಾರಿ ಹಿಡಿದೆವು. ಇದು ಇಲಾಖೆಯವರು ಕಾವಲಿಗಾಗಿ, ಬೆಂಕಿ ಹರಡದಂತೆ ಹುಲ್ಲು ಸವರಿ ಮಾಡಿರುವ ದಾರಿ. ಇದರ ಎರಡೂ ಬದಿಗೆ ಮೊಣಕಾಲೆತ್ತರ ಹುಲ್ಲು. ಒಂದು ತಿರುವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿಗರಿಗಳು ಒಮ್ಮೆಲೇ ತಲೆಯೆತ್ತಿದವು. ಸುರುಳಿಗೊಂಬಿನ ಕರಿಯ ಹೋರಿಯೊಂದು ಎಲ್ಲಕ್ಕೂ ಮುಂದೆ ನಿಂತು ನಮ್ಮನ್ನು ಅಳೆದುನೋಡಿ, ಮೇಯುವುದಕ್ಕೆ ತೊಡಗಿತು. ಹೆಜ್ಜೆ ಹೆಜ್ಜೆಗೂ ನೆಲಗುಬ್ಬಿಗಳು ಪುರ್ರೆಂದು ಏಳುತ್ತಿದ್ದವು. ದಾರಿಯ ಮುರುಮಿನಲ್ಲಿ ಟಿಟ್ಟಿಭವೊಂದು ನಮ್ಮ ಮುಂದೆ ಓಡುತ್ತ, ಕೂಗುತ್ತ, ನಮ್ಮನ್ನು ಎತ್ತಲೋ ಕರೆದೊಯ್ಯಲು ನೋಡಿತು. ಸಮುದ್ರದೊಡನೆ ಹಗೆ ಕಟ್ಟಿಕೊಂಡ ಪಂಚತಂತ್ರದ ಟಿಟ್ಟಿಭವನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆ! ಅದರ ದನಿಯ ಹಟವನ್ನು ಕಿವಿಯಾರೆ ಕೇಳಿದವನಿಗೆ ಆ ಕಥೆ ಸುಳ್ಳೆನಿಸುವುದಿಲ್ಲ.

ಒಂದು ದಿಬ್ಬದ ಮೇಲೆ ನಿಂತು ಹಿರಿಯ ಗುರುಗಳು ಹೇಳಿದರು: “ಎಷ್ಟು ವಿಶಾಲವಾದ ಜಾಗ! ಆಷಾಢದಲ್ಲಿ ನಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಸಾವಿರ ಸಸಿ ನೆಟ್ಟರೆ ಹತ್ತು ವರ್ಷದಲ್ಲಿ ನಿಜವಾದ ಕಾಡಾಗುತ್ತದೆ.”

ಅವರ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. 1950ರಲ್ಲಿ ಕನ್ಹಯ್ಯಾಲಾಲ ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಶಾಲೆಗಳು ಶ್ರದ್ಧೆಯಿಂದ ಸಸಿ ನೆಡುತ್ತ ಬಂದಿವೆ. ನೆಡಬೇಕಾದ ಕಡೆ ನೆಡುವುದು ಪುಣ್ಯದ ಕೆಲಸವೇ. ಕಾವಲುಗಾರರು ಮಾತ್ರ ಮೆಲ್ಲನೆ ತಲೆಯಲ್ಲಾಡಿಸಿ, ದೂರದಲ್ಲಿ ಹಿಂದೆ ನೆಟ್ಟಿದ್ದ ಗ್ಲಿರಿಸಿಡಿಯಾ ಗಿಡಗಳನ್ನು ತೋರಿಸಿದರು. “ಸರ್, ಆ ಸಾಲಿನ ಹತ್ತಿರ ಎರೆಬೂತ ಸುಳಿಯುವುದಿಲ್ಲ. ಅದಕ್ಕೆ ಸುತ್ತಲೂ ಬಯಲು ಕಾಣಬೇಕು. ಮರವಿದ್ದರೆ ಅದರ ಹಿಂದೆ ಏನಿದೆಯೋ ಎಂದು ಅದಕ್ಕೆ ಭಯ” ಎಂದರು. ಗುರುಗಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಹಾಗಾದರೆ ಇಲ್ಲಿ ಏನನ್ನೂ ನೆಡದಿರುವುದೇ ಸೇವೆ” ಎಂದರು. ಮೂವತ್ತು ವರ್ಷ ಕಲಿಸಿದವರು ಒಂದು ಕ್ಷಣದಲ್ಲಿ ಕಲಿತುಕೊಂಡ ಈ ಬಗೆಯನ್ನು ನಾನು ಮೆಚ್ಚಿದೆ.

ಎರೆಬೂತ ನಮಗೆ ಕಾಣಲಿಲ್ಲ. ಕಾಣುವುದೆಂಬ ಭರವಸೆಯನ್ನು ಕಾವಲುಗಾರರು ಕೊಟ್ಟಿರಲೂ ಇಲ್ಲ. 2018ರ ಸುಮಾರಿನ ಅಂದಾಜಿನಂತೆ ದೇಶದಲ್ಲಿ ಉಳಿದಿದ್ದವು ಸುಮಾರು 150. ಅವುಗಳಲ್ಲಿ ಹೆಚ್ಚಿನವು ಜೈಸಲ್ಮೇರಿನ ಮರುಭೂಮಿಯಲ್ಲಿ. ಅಲ್ಲಿ 2019ರಿಂದ ಮೊಟ್ಟೆಗಳನ್ನು ತಂದು, ಯಂತ್ರದಲ್ಲಿ ಕಾವು ಕೊಟ್ಟು, ಮರಿಗಳನ್ನು ಸಾಕುವ ಪ್ರಯತ್ನ ನಡೆದಿದೆ. ನಾನ್ನಜದಲ್ಲಿಯಂತೂ ಒಂದೇ ಒಂದು ಹಕ್ಕಿ ಕಂಡರೂ ಅದು ಪತ್ರಿಕೆಯ ಸುದ್ದಿ. ಹಾಗೆಂದು ಈ ಹುಲ್ಲುಗಾವಲು ಬರಿದಾಯಿತೆನ್ನುವಂತಿಲ್ಲ. ಹಕ್ಕಿಗಾಗಿ ಕಾದಿಟ್ಟ ನೆಲದಲ್ಲಿ ತೋಳ ಮರಿ ಹಾಕುತ್ತಿದೆ, ಚಿಗರಿ ಮೇಯುತ್ತಿದೆ, ಟಿಟ್ಟಿಭ ಮೊಟ್ಟೆಯಿಡುತ್ತಿದೆ. ಜೈಸಲ್ಮೇರಿನಲ್ಲಿ ಬೆಳೆದ ಮರಿಗಳು ಮುಂದೊಂದು ದಿನ ಹಳೆಯ ನೆಲೆಗಳಿಗೆ ಬರಬೇಕಾದರೆ, ಬರಲು ನೆಲವಾದರೂ ಉಳಿದಿರಬೇಕಷ್ಟೆ.

ಇಲ್ಲಿಯೇ ಶಿಕ್ಷಕರಾದ ನಮ್ಮ ಪಾಲಿನ ಕೆಲಸ ಇದೆಯೆಂದು ನನಗೆ ತೋರುತ್ತದೆ. ಬೀಳು, ಪಾಳು, ಬಂಜರು ಎಂಬವು ಕಂದಾಯದ ಲೆಕ್ಕದಲ್ಲಿಯೂ ಬಳಕೆಯಲ್ಲಿರುವ ಮಾತುಗಳು. ಸಾಗುವಳಿಯಿಲ್ಲದ ನೆಲ ಎಂದು ಅಲ್ಲಿ ಅವುಗಳ ಅರ್ಥ. ಜೀವವಿಲ್ಲದ ನೆಲ ಎಂದಲ್ಲ. ನಾವು ಆ ಲೆಕ್ಕದ ಮಾತನ್ನೇ ಭೂಗೋಲದ ಪಾಠದಲ್ಲಿ ಹೇಳಿಕೊಟ್ಟರೆ, ನಾಳೆ ಆ ಮಕ್ಕಳೇ ದೊಡ್ಡವರಾಗಿ ಬೀಳಿನಲ್ಲಿ ಏನು ಮಾಡಿದರೂ ನಡೆದೀತೆಂದು ತಿಳಿಯುವರು. ಅದರ ಬದಲು ಒಂದು ಸುಲಭದ ಅಭ್ಯಾಸವನ್ನು ಕೊಡಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಅಜ್ಜ ಅಜ್ಜಿಯರನ್ನು, ಊರಿನ ಕುರಿಗಾಹಿಗಳನ್ನು ಕೇಳಿ, ಮಾಳದಲ್ಲಿ ಬೆಳೆಯುವ ಹತ್ತು ಹುಲ್ಲುಗಳ, ಹತ್ತು ಹಕ್ಕಿಗಳ ಹೆಸರುಗಳನ್ನು ಬರೆದು ತರಲಿ. ಕನ್ನಡದ್ದೊಂದು, ಮರಾಠಿಯದೊಂದು ಹೀಗೆ ಎರಡೆರಡು ಹೆಸರು ಸಿಕ್ಕರೆ ಮತ್ತೂ ಒಳ್ಳೆಯದು. ಗಡಿಯಲ್ಲಿರುವ ನಮಗೆ ಆ ಭಾಗ್ಯ ಉಂಟು. ಹೆಸರು ಬಲ್ಲ ಹುಡುಗ ಆ ನೆಲವನ್ನು ಅಷ್ಟು ಸುಲಭವಾಗಿ ಬರಿದೆನ್ನಲಾರ.

ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಗುರುಗಳಿಗೆ ಕೆಲವು ಸೂಚನೆಗಳು: ಅನುಮತಿಯಿಲ್ಲದೆ ಒಳಗೆ ಹೋಗಬಾರದು. ಮಳೆಗಾಲ ಮೊಟ್ಟೆಯ ಕಾಲ. ದೀಪಾವಳಿಯ ಅನಂತರ ಹೋಗುವುದು ಮೇಲು. ನೀರನ್ನು ಹೊತ್ತೊಯ್ಯಬೇಕು, ಅಲ್ಲಿ ಬಾವಿಯಿಲ್ಲ, ನೆರಳೂ ಕಡಿಮೆ. ಹಳೆಯ ದಾರಿಯನ್ನು ಬಿಟ್ಟು ಹುಲ್ಲಿನಲ್ಲಿ ಕಾಲಿಡಬಾರದು. ಬಂಡಿಯ ಗೆರೆಗಳ ಮೇಲೆ ಒಬ್ಬರ ಹಿಂದೆ ಒಬ್ಬರಂತೆ, ಮಾತಿಲ್ಲದೆ ನಡೆಯಬೇಕು. ಹಾಗೆ ನಡೆದರೆ ಬಲಗಡೆಯ ಗೆರೆಯಲ್ಲಿ ಮಕ್ಕಳ ಹೆಜ್ಜೆ, ಎಡಗಡೆಯ ಗೆರೆಯಲ್ಲಿ ರಾತ್ರಿ ಹೋದ ತೋಳದ ಹೆಜ್ಜೆ, ಎರಡೂ ಒಂದೇ ದಿಕ್ಕಿಗೆ ಹೋಗಿರುವುದನ್ನು ಅವರು ತಾವೇ ಓದಿಕೊಳ್ಳುತ್ತಾರೆ.